ಲೆಟ್ಯೂಸ್ ಸಸಿ ಟೊಮೆಟೊ ಸಸಿಯಲ್ಲ: ಪ್ರೋಟ್ರೇಯಲ್ಲಿ ಬೆಳೆಸುವ ಕ್ರಮ

ಹೊಸಕೋಟೆ, ಮಾಲೂರು, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಪ್ರೋಟ್ರೇಯಲ್ಲಿ, ಎಂದರೆ ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಸಸಿ ಎಬ್ಬಿಸುವುದು ಯಾರಿಗೂ ಹೊಸದಲ್ಲ. ಗುಳಿಗೆ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕೈದು ದಿನ ಬಿಟ್ಟರೆ ಟೊಮೆಟೊ ಮೊಳೆತಿರುತ್ತದೆ, ಮೆಣಸಿನಕಾಯಿಗೆ ಇನ್ನೆರಡು ದಿನ ಹಿಡಿಯುತ್ತದೆ. ಇದೇ ಕ್ರಮವನ್ನು ಏಪ್ರಿಲ್ ತಿಂಗಳಲ್ಲಿ ಸಲಾಡಿನ ಸೊಪ್ಪಾದ ಲೆಟ್ಯೂಸ್‌ಗೆ ಮಾಡಿದರೆ ಟ್ರೇಯ ಅರ್ಧಕ್ಕರ್ಧ ಗುಳಿ ಖಾಲಿ ಉಳಿಯುತ್ತದೆ, ಎದ್ದ ಸಸಿಯೂ ದಾರದಂತೆ ಬೆಳ್ಳಗೆ ಉದ್ದವಾಗಿರುತ್ತದೆ. ಬೈಗುಳ ತಿನ್ನುವವನು ಬೀಜ ಮಾರಿದವನು. ಆದರೆ ಹೆಚ್ಚಿನ ಸಲ ಬೀಜ ಚೆನ್ನಾಗಿಯೇ ಇರುತ್ತದೆ, ಮಲಗಿರುತ್ತದೆ ಅಷ್ಟೆ.

ಟೊಮೆಟೊ ಬೀಜಕ್ಕೆ ಬೇಕಾದದ್ದು 25ರಿಂದ 30 ಡಿಗ್ರಿ ಬಿಸಿ. ಲೆಟ್ಯೂಸ್‌ಗೆ ಹಿತವಾದದ್ದು 18ರಿಂದ 22 ಡಿಗ್ರಿ ಸೆಲ್ಸಿಯಸ್. 25 ದಾಟಿದರೆ ಮೊಳಕೆ ಇಳಿಯತೊಡಗುತ್ತದೆ, 28-30ರ ಹೊತ್ತಿಗೆ ಹಲವು ತಳಿಗಳ ಬೀಜ ನೀರು ಕುಡಿದು ಉಬ್ಬಿಯೂ ಬೇರು ಬಿಡದೆ ನಿಂತುಬಿಡುತ್ತದೆ. ಬೇಗ ತಂಪು ಸಿಕ್ಕರೆ ಅದೇ ಬೀಜ ಮೊಳೆಯುತ್ತದೆ. ಒದ್ದೆಯಾಗಿ ದಿನಗಟ್ಟಲೆ ಬಿಸಿಯಲ್ಲೇ ಇದ್ದರೆ ನಿದ್ದೆ ಗಾಢವಾಗಿ, ಆಮೇಲೆ ತಂಪು ಕೊಟ್ಟರೂ ಏಳುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ಟ್ರೇ ರಾಶಿಯೊಳಗೆ ಬೇಸಿಗೆಯ ಮಧ್ಯಾಹ್ನ ಎಷ್ಟು ಬಿಸಿ ಇರುತ್ತದೆಂದು ಒಮ್ಮೆ ತಾಪಮಾಪಕ ಇಟ್ಟು ನೋಡಿದರೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಬೆಳಕು. ಬಹಳಷ್ಟು ತರಕಾರಿ ಬೀಜ ಕತ್ತಲಲ್ಲಿ ಮೊಳೆಯುತ್ತದೆ, ಲೆಟ್ಯೂಸ್‌ನ ಅನೇಕ ತಳಿಗಳು ಬೆಳಕು ಕೇಳುತ್ತವೆ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಲೆಟ್ಯೂಸ್ ಬೀಜದ ಮೇಲೆಯೇ. ಒದ್ದೆ ಬೀಜಕ್ಕೆ ಕೆಂಪು ಬೆಳಕು ಸ್ವಲ್ಪ ಹೊತ್ತು ತಾಗಿದರೆ ಮೊಳಕೆ, ಅದರ ಹಿಂದೆಯೇ ಕಡುಗೆಂಪಿನಾಚೆಯ ಬೆಳಕು ತಾಗಿದರೆ ಮತ್ತೆ ನಿದ್ದೆ. ಈಗಿನ ಹಲವು ತಳಿಗಳಲ್ಲಿ ಈ ಹಟ ಕಡಿಮೆಯಾಗಿದೆ. ಆದರೆ ಬಿಸಿ ಏರಿದಂತೆಲ್ಲ ಬೆಳಕಿನ ಅಗತ್ಯವೂ ಏರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಆಳಕ್ಕೆ ಹಾಕಿ ಮುಚ್ಚಿದ ಬೀಜಕ್ಕೆ ಪೆಟ್ಟು ಎರಡು ಕಡೆಯಿಂದ.

ಎಷ್ಟು ಟ್ರೇ, ಎಷ್ಟು ಬೀಜ

ನಮ್ಮಲ್ಲಿ ಸುಲಭವಾಗಿ ಸಿಗುವ 98 ಗುಳಿಯ ಟ್ರೇ ಲೆಟ್ಯೂಸ್‌ಗೆ ಸರಿಹೊಂದುತ್ತದೆ. 200 ಗುಳಿಯದರಲ್ಲಿ ಜಾಗ ಉಳಿಯುತ್ತದೆ ನಿಜ. ಆದರೆ ಮೂರನೇ ವಾರಕ್ಕೆ ಸಸಿಗಳು ಒಂದಕ್ಕೊಂದು ನೆರಳಾಗಿ ಉದ್ದಕ್ಕೆ ಎಳೆದುಕೊಳ್ಳುತ್ತವೆ, ಪುಟ್ಟ ಗುಳಿ ಮಧ್ಯಾಹ್ನದೊಳಗೆ ಒಣಗುತ್ತದೆ. ಕೆಲಸಕ್ಕೆ ಆಳು ಸದಾ ಇರುವ ನರ್ಸರಿಗೆ ಅದು, ಭಾನುವಾರ ಮದುವೆಗೆ ಹೋಗುವವರಿಗಲ್ಲ.

ಲೆಕ್ಕ ಹೀಗೆ ಹಾಕಿಕೊಳ್ಳಿ. 90 ಸೆಂ.ಮೀ. ಅಗಲದ ಏರುಮಡಿ, ನಡುವೆ 50 ಸೆಂ.ಮೀ. ದಾರಿ, ಮಡಿಗೆ ಮೂರು ಸಾಲು, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಹೀಗಿದ್ದರೆ 10 ಗುಂಟೆಗೆ ಸುಮಾರು 7,000 ಸಸಿ ಹಿಡಿಯುತ್ತದೆ. ಟ್ರೇಯೊಂದರಲ್ಲಿ ನಾಟಿಗೆ ಲಾಯಕ್ಕಾದ ಸಸಿ 85 ಸಿಕ್ಕುತ್ತದೆ ಎಂದಿಟ್ಟುಕೊಂಡರೆ 82-83 ಟ್ರೇ ಬೇಕು. ಹೊದಿಕೆಯಿಲ್ಲದ ಬೀಜ ಗ್ರಾಮಿಗೆ ಹೆಚ್ಚುಕಡಿಮೆ 800ರಿಂದ 1,000 ಬರುತ್ತದೆ, ಗುಳಿಗೊಂದರಂತೆ ಹಾಕಿದರೆ ಹತ್ತು ಗ್ರಾಂ ಸಾಕು. ಆದರೆ ಹತ್ತೂ ಗುಂಟೆಗೆ ಒಂದೇ ದಿನ ಬಿತ್ತುವುದು ಬೇಡ. ಕೊಯ್ಲಿಗೆ ಬಂದ ಲೆಟ್ಯೂಸ್ ಹೊಲದಲ್ಲಿ ಒಂದು ವಾರವೂ ಕಾಯುವುದಿಲ್ಲ, ಬಿಸಿಲು ಜೋರಾದರೆ ನಡುವಿನಿಂದ ಹೂದಂಟು ಎದ್ದು ಎಲೆ ಕಹಿಯಾಗುತ್ತದೆ. ಹೋಟೆಲಿಗೆ ವಾರಕ್ಕೆ 1,000 ಗಿಡ ಒಪ್ಪಿಕೊಂಡಿದ್ದರೆ ವಾರಕ್ಕೆ 12 ಟ್ರೇ, ಪ್ರತಿ ವಾರ ಅದೇ ದಿನ.

ಬೀಜ ಎರಡು ರೂಪದಲ್ಲಿ ಬರುತ್ತದೆ. ಬರಿ ಬೀಜ ಚಪ್ಪಟೆಯಾಗಿ, ತುದಿ ಚೂಪಾಗಿ, ಬಿಳಿ ಇಲ್ಲವೇ ಕಪ್ಪು ಬಣ್ಣದ್ದು. ಬೆರಳಲ್ಲಿ ಒಂದೊಂದೇ ಹಿಡಿಯುವುದು ಕಷ್ಟ. ಗುಳಿಗೆ ಎರಡು ಬೀಳುತ್ತದೆ, ಆಮೇಲೆ ಒಂದನ್ನು ತೆಗೆಯಬೇಕು. ತೆಗೆಯುವಾಗ ಕೀಳಬೇಡಿ, ಪಕ್ಕದ ಸಸಿಯ ಬೇರೂ ಬರುತ್ತದೆ. ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಇನ್ನೊಂದು ರೂಪ ಜೇಡಿಯ ಹೊದಿಕೆ ಹಾಕಿ ಗುಂಡಗೆ ಮಾಡಿದ ಪೆಲೆಟ್ ಬೀಜ. ಬೆಲೆ ಜಾಸ್ತಿ, ಆದರೆ ಗುಳಿಗೊಂದರಂತೆ ಬೇಗ ಬಿತ್ತಬಹುದು. ಪೆಲೆಟ್ ಮಾಡುವ ಮೊದಲು ಬೀಜವನ್ನು ಅರ್ಧ ನೆನೆಸಿ ಮತ್ತೆ ಒಣಗಿಸಿ ಸಿದ್ಧಪಡಿಸಿದ್ದರೆ ಅದು ಬಿಸಿಯನ್ನು ಸ್ವಲ್ಪ ಹೆಚ್ಚು ತಡೆಯುತ್ತದೆ. ಅಂಥ ಬೀಜದ ಆಯಸ್ಸು ಕಮ್ಮಿ, ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಬರಿ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವರ್ಷ ಬರುತ್ತದೆ. ಹೊರತೆಗೆದ ತಕ್ಷಣ ಮುಚ್ಚಳ ಬಿಚ್ಚಬಾರದು. ಡಬ್ಬಿಯ ತಣುವು ಇಳಿಯುವ ಮೊದಲೇ ಬಿಚ್ಚಿದರೆ ಹೊರಗಿನ ಗಾಳಿಯ ತೇವ ಬೀಜದ ಮೇಲೆ ಕೂರುತ್ತದೆ.

ಕೋಕೋಪಿಟ್ ಮತ್ತು ನೀರು

ಲೆಟ್ಯೂಸ್ ಸಸಿಗೆ ಉಪ್ಪು ಆಗಿಬರುವುದಿಲ್ಲ. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಹಜವಾಗಿಯೇ ಇರುತ್ತದೆ. ಕರಾವಳಿಯ ಉಪ್ಪು ನೀರಲ್ಲಿ ನಾರು ನೆನೆಸಿದ್ದರೆ ಇನ್ನೂ ಹೆಚ್ಚು. ಇಟ್ಟಿಗೆಯಂತೆ ಒತ್ತಿದ 5 ಕಿಲೋ ಕೋಕೋಪಿಟ್ಟನ್ನು 25 ಲೀಟರ್ ನೀರಲ್ಲಿ ನೆನೆಹಾಕಿ ಉಬ್ಬಿಸಿ, ಜಾಲರಿಯ ಮೇಲೆ ಬಸಿದು, ಒಳ್ಳೆಯ ನೀರಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಮತ್ತೊಮ್ಮೆ ತೊಳೆದು ಬಸಿಯಿರಿ. ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ ಬಿಟ್ಟುಕೊಟ್ಟು ಆ ಜಾಗಕ್ಕೆ ಕ್ಯಾಲ್ಸಿಯಂ ಬರಲೆಂದು ಈ ಕೆಲಸ. ಮಾಡದಿದ್ದರೆ ನೀವು ಸಸಿಗೆಂದು ಕೊಡುವ ಕ್ಯಾಲ್ಸಿಯಂ ಮೊದಲು ನಾರಿನ ಪಾಲಾಗುತ್ತದೆ. "ತೊಳೆದದ್ದು" ಎಂದು ಚೀಲದ ಮೇಲೆ ಅಚ್ಚಾಗಿದ್ದರೂ ನೀರಿನ ಉಪ್ಪಿನಂಶ ತೋರಿಸುವ ಇ.ಸಿ. ಮೀಟರ್ ಅದ್ದಿ ನೋಡಿ. ಹಿಂಡಿದ ನೀರು 0.5 mS/cm ಆಸುಪಾಸಿನಲ್ಲಿದ್ದರೆ ನೆಮ್ಮದಿ, 1 ದಾಟಿದ್ದರೆ ಇನ್ನೊಮ್ಮೆ ತೊಳೆಯಿರಿ.

ಕೋಲಾರದ ಕಡೆಯ ಕೊಳವೆಬಾವಿ ನೀರಿಗೂ ಇದೇ ಪರೀಕ್ಷೆ. ನೀರೇ ಗಡುಸಾಗಿದ್ದರೆ ಪಾಲಿಹೌಸ್ ಮೇಲಿನ ಮಳೆನೀರನ್ನು ತೊಟ್ಟಿಗೆ ಹಿಡಿದು ಬೆರೆಸಿಕೊಳ್ಳುವುದೇ ಸುಲಭದ ದಾರಿ. ಸಸಿಗೆ ಬೇಕಾಗುವ ನೀರು ಬೆಳೆಗೆ ಬೇಕಾದಷ್ಟಿಲ್ಲ, ಒಂದೆರಡು ಡ್ರಮ್ಮಿನಲ್ಲಿ ವಾರಗಟ್ಟಲೆ ಸಾಗುತ್ತದೆ.

ಬುಡ ಕೊಳೆಯದಿರಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಕಿಲೋ ಕೋಕೋಪಿಟ್‌ಗೆ 10 ಗ್ರಾಂನಂತೆ ಬೆರೆಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂಕ್ಷ್ಮಾಣುಜೀವಿ ಮಿಶ್ರಣವನ್ನೂ ಇದಕ್ಕೆ ಬಳಸುತ್ತಾರೆ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಟ್ರೇಗೆ ಬೇಡ. ಅವುಗಳ ಜತೆ ಉಪ್ಪು, ಕಳೆಬೀಜ, ಶಿಲೀಂಧ್ರ ಮೂರೂ ಬರುತ್ತವೆ.

ಹಳೇ ಟ್ರೇಯನ್ನು ಮೊದಲು ಬ್ರಶ್ಶಿನಿಂದ ಉಜ್ಜಿ ತೊಳೆದು, ಆಮೇಲೆ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚಿಂಗ್ ದ್ರಾವಣ ಸೇರಿಸಿ ಅರ್ಧ ಗಂಟೆ ಮುಳುಗಿಸಿ. ಮಣ್ಣು ಅಂಟಿರುವ ಟ್ರೇಯನ್ನೇ ಅದ್ದಿದರೆ ಕ್ಲೋರಿನ್ನಿನ ಬಲವೆಲ್ಲ ಆ ಮಣ್ಣಿಗೇ ಖರ್ಚಾಗಿ ರೋಗ ಹಾಗೇ ಉಳಿಯುತ್ತದೆ.

ಬಿತ್ತನೆ

ಹಿಡಿ ಕೋಕೋಪಿಟ್ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಟ್ರೇ ಮೇಲೆ ಸುರಿದು ಕೈಯಲ್ಲಿ ಸವರಿ, ಟ್ರೇಯನ್ನು ಒಮ್ಮೆ ನೆಲಕ್ಕೆ ಮೆಲ್ಲಗೆ ಕುಟ್ಟಿ, ತಗ್ಗಾದ ಕಡೆ ಮತ್ತೆ ತುಂಬಿ, ಮೇಲಿನ ಹೆಚ್ಚುವರಿಯನ್ನು ಪಟ್ಟಿಯಿಂದ ಎಳೆದುಬಿಡಿ. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ಮಾಡಿದರೆ ಗಾಳಿ ಹೋಗುತ್ತದೆ. ಮೂಲೆಯ ಗುಳಿಗಳು ಯಾವಾಗಲೂ ಅರೆಬರೆ ತುಂಬಿರುತ್ತವೆ, ಮೊದಲು ಒಣಗುವುದೂ ಅವೇ. ಅತ್ತ ಒಂದು ಕಣ್ಣಿರಲಿ.

ತುಂಬಿದ ಟ್ರೇ ಮೇಲೆ ಖಾಲಿ ಟ್ರೇ ಇಟ್ಟು ಸಮವಾಗಿ ಒತ್ತಿದರೆ 98 ಗುಳಿಗೂ ಒಟ್ಟಿಗೆ ತಗ್ಗು ಬೀಳುತ್ತದೆ. ತಗ್ಗು 4-5 ಮಿ.ಮೀ. ಮೀರಬಾರದು. ಬರಿ ಬೀಜವಾದರೆ ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಗೆ ಅಂಟಿಸಿಕೊಂಡು ಇಡಿ. ಮೇಲೆ ಮುಚ್ಚಲೇಬೇಕೆಂದಿಲ್ಲ, ಮುಚ್ಚುವುದಾದರೆ ವರ್ಮಿಕ್ಯುಲೈಟ್ (ಹಗುರವಾದ ಖನಿಜದ ಹರಳು) 2 ಮಿ.ಮೀ. ಉದುರಿಸಿ, ಅದರ ಮೂಲಕ ಬೆಳಕು ಸ್ವಲ್ಪ ಇಳಿಯುತ್ತದೆ. ಪೆಲೆಟ್ ಬೀಜವನ್ನು ತಗ್ಗಿನಲ್ಲಿಟ್ಟು ಮಂಜಿನಂಥ ನೀರು ಸಿಂಪಡಿಸಿ, ಹೊದಿಕೆ ಬಿರುಕು ಬಿಡುವುದನ್ನು ಕಣ್ಣಾರೆ ನೋಡಿ. ಅರ್ಧ ಒದ್ದೆಯಾಗಿ ಮತ್ತೆ ಒಣಗಿದ ಪೆಲೆಟ್ ಸಿಮೆಂಟಿನಂತೆ ಗಟ್ಟಿಯಾಗಿ ಬೀಜವನ್ನು ಒಳಗೇ ಕೂಡಿಹಾಕುತ್ತದೆ.

ಬಿತ್ತುವ ಹೊತ್ತು ಯಾವುದು? ಮಧ್ಯಾಹ್ನದ ಇಳಿಹೊತ್ತು, ಬೇಸಿಗೆಯಲ್ಲಿ ನಾಲ್ಕರ ಮೇಲೆ. ಬೀಜ ನೀರು ಕುಡಿದ ಮೇಲಿನ ಕೆಲವು ಗಂಟೆಗಳಲ್ಲೇ, ಬೇರು ಹೊರಡುವ ಮೊದಲು, ಬಿಸಿಗೆ ಅತಿ ಹೆಚ್ಚು ಹೆದರುತ್ತದೆ. ಬೆಳಗ್ಗೆ ಬಿತ್ತಿದರೆ ಆ ಗಂಟೆಗಳು ಸರಿಯಾಗಿ ಮಟಮಟ ಮಧ್ಯಾಹ್ನಕ್ಕೆ ಬೀಳುತ್ತವೆ. ಸಂಜೆ ಬಿತ್ತಿದರೆ ರಾತ್ರಿಗೆ. ಬೆಂಗಳೂರಿನ ಸುತ್ತಮುತ್ತ ಏಪ್ರಿಲಿನಲ್ಲೂ ರಾತ್ರಿ 21-22 ಡಿಗ್ರಿಗೆ ಇಳಿಯುತ್ತದಲ್ಲ, ಅದನ್ನು ಪುಕ್ಕಟೆ ಬಳಸಿಕೊಳ್ಳುವ ಉಪಾಯ ಇದು.

ಮೊದಲ ಎರಡು ದಿನ

ಇಲ್ಲಿ ಗೆದ್ದರೆ ಮುಕ್ಕಾಲು ಕೆಲಸ ಆದಂತೆ. ಜೂನ್‌ನಿಂದ ಫೆಬ್ರವರಿವರೆಗೆ ನೆರಳು ಪರದೆಯಡಿ ಟ್ರೇಗಳನ್ನು ಬಿಡಿಬಿಡಿಯಾಗಿ ಹರಡಿದರೂ ಮೊಳಕೆ ಸರಿಯಾಗಿ ಬರುತ್ತದೆ. ಬೇಸಿಗೆಯಲ್ಲಿ ಪಾಲಿಹೌಸಿಗೆ ಒಯ್ಯಲೇಬೇಡಿ. ಮನೆಯ ತಣ್ಣಗಿನ ಕೋಣೆಯ ನೆಲ, ಇಲ್ಲವೇ ಏ.ಸಿ. ಇರುವ ಕೋಣೆಯನ್ನು 20 ಡಿಗ್ರಿಗೆ ಇಟ್ಟು, ಟ್ರೇ ಪೇರಿಸದೆ ಕಪಾಟಿನ ಹಲಗೆಗಳ ಮೇಲೆ ಒಂದೊಂದಾಗಿ ಜೋಡಿಸಿ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಬೆಳಕಿನ ಕೆಲಸವೂ ಆಯಿತು. ಮೇಲ್ಮೈ ಒಣಗದಂತೆ ಕೈಪಂಪಿನಲ್ಲಿ ಸಿಂಪಡಿಸುತ್ತಿರಿ. ಅಂಥ ಕೋಣೆ ಇಲ್ಲವೆಂದರೆ ಮರದ ನೆರಳಲ್ಲಿ ಚೌಕಟ್ಟು ನಿಲ್ಲಿಸಿ ಸುತ್ತಲೂ ಒದ್ದೆ ಗೋಣಿ ಇಳಿಬಿಟ್ಟು ಗಾಳಿಯಾಡಲು ಬಿಡಿ, ಒಣಹವೆಯ ದಿನಗಳಲ್ಲಿ ಒಳಗೆ ಐದಾರು ಡಿಗ್ರಿ ತಗ್ಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಅದರ ಅಗತ್ಯವೂ ಇಲ್ಲ.

24ರಿಂದ 36 ಗಂಟೆಯಲ್ಲಿ ಬಿಳಿ ಬೇರಿನ ತುದಿ ಕಾಣುತ್ತದೆ. ಕಂಡ ದಿನವೇ ಟ್ರೇ ಕೋಣೆಯಿಂದ ನೆರಳು ಪರದೆಯಡಿಯ ಬೆಂಚಿಗೆ ಬರಬೇಕು. "ಎಲ್ಲವೂ ಮೊಳೆಯಲಿ" ಎಂದು ಇನ್ನೊಂದು ದಿನ ಮಂದ ಬೆಳಕಿನಲ್ಲಿಟ್ಟರೆ ಮೊದಲು ಮೊಳೆತವು ಬೀಜದೆಲೆಯ ಕೆಳಗೆ ಎಳೆದುಕೊಂಡು ಬಿಡುತ್ತವೆ. ಆ ಉದ್ದವನ್ನು ಮತ್ತೆ ಗಿಡ್ಡ ಮಾಡಲಾಗದು.

ಬೆಂಚು, ನೆರಳು, ನೀರು

ಟ್ರೇಗಳು ನೆಲದ ಮೇಲೆ ಕೂರಬಾರದು. ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿ ತಂತಿಜಾಲರಿಯ ಬೆಂಚು ಮಾಡಿ. ಗುಳಿಯ ತಳದ ತೂತಿನಿಂದ ಹೊರಬಂದ ಬೇರು ಗಾಳಿಗೆ ಒಣಗಿ ಅಲ್ಲೇ ನಿಂತು, ಒಳಗೆ ಕವಲು ಹೆಚ್ಚುತ್ತದೆ. ನೆಲದ ಮೇಲಿದ್ದರೆ ಬೇರು ಮಣ್ಣಿಗೆ ಇಳಿದು, ನಾಟಿಯ ದಿನ ಎತ್ತುವಾಗ ಹರಿಯುತ್ತದೆ. ಬೆಂಚಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ, ಇಲ್ಲವೇ ಗ್ರೀಸ್ ಸವರಿ. ಇರುವೆಗಳು ಲೆಟ್ಯೂಸ್ ಬೀಜವನ್ನು ರಾತ್ರೋರಾತ್ರಿ ಹೊತ್ತೊಯ್ಯುತ್ತವೆ. ಬೆಳಗ್ಗೆ ನೋಡಿದವರು ಮೊಳಕೆ ಬರಲಿಲ್ಲ ಎಂದುಕೊಳ್ಳುತ್ತಾರೆ.

ನೆರಳು ಪರದೆ 35ರಿಂದ 50 ಶೇಕಡಾ ಸಾಕು. 75ರ ಪರದೆ ತಂಪೇನೋ ಕೊಡುತ್ತದೆ, ಸಸಿಯನ್ನು ಮಾತ್ರ ದಾರವಾಗಿಸುತ್ತದೆ. ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು, ಪಕ್ಕಕ್ಕೆ 40 ಮೆಷ್ (ಇಂಚಿಗೆ 40 ಕಣ್ಣಿನ) ಕೀಟ ಪರದೆ. ಸಂಜೆ ಬಲ್ಬಿನ ಬೆಳಕಲ್ಲಿ ಬೆಂಚಿನಡಿ ಒಂದು ಸುತ್ತು ಹಾಕಿ ಬಸವನಹುಳು ಆರಿಸುವುದನ್ನೂ ಮಳೆಗಾಲದ ದಿನಚರಿಗೆ ಸೇರಿಸಿ. ಒದ್ದೆ ಗೋಣಿಯಡಿ ಪರಂಗಿ ಎಲೆ ಅಥವಾ ಕೋಸಿನ ಎಲೆ ಇಟ್ಟರೆ ಅವು ಅಲ್ಲೇ ಬಂದು ಸೇರುತ್ತವೆ.

ನೀರು ಕೊಡುವುದಕ್ಕೆ ಸಣ್ಣ ತೂತಿನ ರೋಸ್ ಕ್ಯಾನ್. ರೋಸಿನ ಮುಖ ಮೇಲಕ್ಕಿರಲಿ, ಹನಿ ಮಳೆಯಂತೆ ಬೀಳುತ್ತದೆ. ಬೆಳಗ್ಗೆ ಒಂದು ಪೂರ್ತಿ ನೀರು, ತಳದಿಂದ ತೊಟ್ಟಿಕ್ಕುವವರೆಗೆ. ಮಧ್ಯಾಹ್ನ ಟ್ರೇ ಎತ್ತಿ ಹಗುರವೆನಿಸಿದರೆ ಇನ್ನೊಮ್ಮೆ. ಮೂರು ಗಂಟೆಯ ಮೇಲೆ ಬೇಡ, ಎಲೆ ಒದ್ದೆಯಾಗಿ ರಾತ್ರಿಗೆ ಹೋಗಬಾರದು. ಬೆಂಚಿನ ಅಂಚಿನ ಟ್ರೇಗಳಿಗೆ ಗಾಳಿ ಹೆಚ್ಚು, ಅವಕ್ಕೆ ಪ್ರತ್ಯೇಕವಾಗಿ ಒಂದು ಕೈ ನೀರು ಹಾಕಿ, ವಾರಕ್ಕೆರಡು ಸಲ ಒಳಗಿನವನ್ನು ಹೊರಗೆ, ಹೊರಗಿನವನ್ನು ಒಳಗೆ ತಿರುಗಿಸಿ. ಹೀಗೆ ಮಾಡದಿದ್ದರೆ ಒಂದೇ ದಿನ ಬಿತ್ತಿದ ಸಸಿ ನಾಲ್ಕು ಅಳತೆಯಲ್ಲಿ ಬರುತ್ತದೆ.

ಗೊಬ್ಬರ

ಬೀಜದೆಲೆಯ ಮೇಲೆ ಬದುಕುವ ಮೊದಲ ವಾರ ಏನೂ ಬೇಡ. ಮೊದಲ ನಿಜವಾದ ಎಲೆ ಬಿಚ್ಚಿದಾಗ, ಎಂದರೆ 8-10ನೇ ದಿನ, ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ. ಎರಡನೇ ಎಲೆಯ ಮೇಲೆ 1 ಗ್ರಾಂ, ಮೂರು ದಿನಕ್ಕೊಮ್ಮೆ. ಇದರ ನಡುವೆ ಒಂದು ಸಲ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ, ಬೇರೆ ದಿನ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಕ್ಯಾಲ್ಸಿಯಂ ರಂಜಕದೊಡನೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಸಸಿಗೆ ಎರಡೂ ಇಲ್ಲ. ಟೊಮೆಟೊ ಸಸಿಗೆ ಸುರಿಯುವ 3 ಗ್ರಾಂ ಲೆಕ್ಕ ಇಲ್ಲಿ ತಂದರೆ ಎಲೆಯಂಚು ಸುಡುತ್ತದೆ. ಸುಡದಿದ್ದರೆ ಕಡು ಹಸಿರಾಗಿ, ನೀರು ತುಂಬಿದಂತೆ ಮೆತ್ತಗಾಗಿ, ಹೊಲಕ್ಕಿಟ್ಟ ದಿನವೇ ಮಲಗುತ್ತದೆ. ಯೂರಿಯಾ ಮುಟ್ಟಲೇಬೇಡಿ.

ಕೆಟ್ಟರೆ ಯಾಕೆ ಕೆಟ್ಟಿತು

ಮೊಳಕೆ ಬಾರದ ಗುಳಿ ಕಂಡರೆ ಹತ್ತು ಬೀಜ ಕೆದಕಿ ತೆಗೆಯಿರಿ. ಬೀಜವೇ ಇಲ್ಲದಿದ್ದರೆ ಇರುವೆ. ಮೆತ್ತಗೆ ಕೊಳೆತಿದ್ದರೆ ನೀರು ಹೆಚ್ಚಾಗಿದೆ ಇಲ್ಲವೇ ಬೀಜ ಸತ್ತದ್ದು. ಗಟ್ಟಿಯಾಗಿ, ತುಂಬಿಕೊಂಡು ಇದ್ದರೆ ಮಲಗಿದೆ ಎಂದರ್ಥ. ಒದ್ದೆ ಕಾಗದದ ಮೇಲಿಟ್ಟು 20 ಡಿಗ್ರಿಯ ಕೋಣೆಯಲ್ಲಿ ಬೆಳಕಿಗೆ ಇಡಿ. ಎರಡು ದಿನದಲ್ಲಿ ಮೊಳೆತರೆ ತಪ್ಪು ಬಿಸಿಯದ್ದು, ಇಡೀ ಟ್ರೇಯನ್ನು ತಂಪಿಗೆ ಸಾಗಿಸಿದರೆ ಇನ್ನೂ ಕೆಲವು ಸಿಕ್ಕಾವು. ಹೊಸ ಪೊಟ್ಟಣ ಒಡೆದಾಗ ದೊಡ್ಡ ಬಿತ್ತನೆಗೆ ಮೊದಲೇ 50 ಬೀಜದ ಮೇಲೆ ಈ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ.

ಸಸಿ ಬುಡದಲ್ಲಿ ನೂಲಿನಷ್ಟು ಸಣ್ಣಗಾಗಿ ಒರಗಿದರೆ ಅದು ಸಸಿ ಕೊಳೆ, ಪಿಥಿಯಂ ಅಥವಾ ರೈಜೋಕ್ಟೋನಿಯಾ ಎಂಬ ರೋಗಾಣುಗಳ ಕೆಲಸ. ಒಂದು ಮೂಲೆಯಲ್ಲಿ ಶುರುವಾಗಿ ವೃತ್ತದಂತೆ ಹರಡುತ್ತದೆ. ಔಷಧಿ ಹುಡುಕುವ ಮೊದಲು ಆ ಟ್ರೇ ಹೊರಗೊಯ್ದು, ಉಳಿದವಕ್ಕೆ ಒಂದು ಹೊತ್ತಿನ ನೀರು ತಪ್ಪಿಸಿ, ಟ್ರೇಗಳ ನಡುವೆ ಗಾಳಿಗೆ ಸಂದು ಬಿಡಿ. ಗುಳಿಯ ಮೇಲೆ ಹಸಿರು ಪಾಚಿ ಕಟ್ಟಿದ್ದರೂ, ಅದರ ಮೇಲೆ ಪುಟ್ಟ ಕಪ್ಪು ನೊಣಗಳು ಹಾರುತ್ತಿದ್ದರೂ ಕಾರಣ ಅದೇ, ಮೇಲ್ಮೈ ಒಣಗಲು ಬಿಡುತ್ತಿಲ್ಲ. ಎಲೆಯ ಮೇಲೆ ಬಿಳಿ ಹಾವಿನಂಥ ಗೆರೆ ಕಂಡರೆ ರಂಗೋಲಿ ಹುಳು. ಆ ಎಲೆ ಚಿವುಟಿ ಹಾಕಿ, ಪರದೆ ಎಲ್ಲಿ ಹರಿದಿದೆ ನೋಡಿ. ಕೆಳಗಿನ ಎಲೆ ಹಳದಿ, ಬೇರು ಚೆನ್ನಾಗಿ ಬೆಳ್ಳಗಿದ್ದರೆ ಹಸಿವು. ಬೇರೂ ಕಂದಾಗಿದ್ದರೆ ಗೊಬ್ಬರ ಕೊಟ್ಟು ಉಪಯೋಗವಿಲ್ಲ.

ನಾಟಿ

ಬೇಸಿಗೆಯಲ್ಲಿ 18-21 ದಿನ, ಚಳಿಯಲ್ಲಿ 25-28. ದಿನಕ್ಕಿಂತ ಗುರುತು ಮುಖ್ಯ: ನಾಲ್ಕು ನಿಜವಾದ ಎಲೆ, ಮತ್ತು ಸಸಿ ಎತ್ತಿದಾಗ ಕೋಕೋಪಿಟ್ ಉದುರದೆ ಗುಳಿಯ ಆಕಾರದಲ್ಲೇ ಬರಬೇಕು. ಬೇರು ಉಂಡೆಯ ಸುತ್ತ ದಪ್ಪ ಚಾಪೆಯಂತೆ ಹೆಣೆದುಕೊಂಡಿದ್ದರೆ ಹೊತ್ತು ಮೀರಿದೆ. ಅಂಥ ಮುದಿ ಸಸಿ ಹೊಲದಲ್ಲಿ ಹಿಡಿದರೂ ಎಲೆ ಸುತ್ತಿಕೊಂಡು ಗಡ್ಡೆ ಕಟ್ಟುವ ಮೊದಲೇ ಹೂದಂಟು ಎತ್ತುವ ಭಯವಿದೆ. ಮಡಿ ಸಿದ್ಧವಿಲ್ಲವೆಂದು ಹತ್ತು ದಿನ ಕಾಯಿಸಿದ ಟ್ರೇಯನ್ನು ಗೊಬ್ಬರದ ಗುಂಡಿಗೆ ಹಾಕಲು ಮನಸ್ಸು ಬರುವುದಿಲ್ಲ, ಆದರೂ ಅದೇ ಲಾಭ.

ನಾಟಿಗೆ ಮೂರು ದಿನ ಮೊದಲು ಪರದೆ ಸರಿಸಿ ಬೆಳಗಿನ ಬಿಸಿಲು ತೋರಿಸಿ, ನೀರನ್ನು ಕೊಂಚ ತಡಮಾಡಿ. ಎಲೆ ಬಾಡುವವರೆಗೆ ಒಣಗಿಸುವ ಪದ್ಧತಿ ಇದಕ್ಕೆ ಬೇಡ. ನಾಟಿಯ ದಿನ ಮಧ್ಯಾಹ್ನ ಟ್ರೇಗೆ ತುಂಬ ನೀರುಣಿಸಿ, ಸಂಜೆ ನಾಲ್ಕರ ಮೇಲೆ ತಳದ ತೂತಿಗೆ ಕಡ್ಡಿ ಚುಚ್ಚಿ ಉಂಡೆ ಎಬ್ಬಿಸಿ. ಕಾಂಡ ಹಿಡಿದು ಎಳೆಯಬೇಡಿ. ಎಲೆ ಹಿಡಿದರೆ ಹರಿದರೂ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು.

ಟೊಮೆಟೊ ಸಸಿಯನ್ನು ಕುತ್ತಿಗೆವರೆಗೆ ಹೂಳುತ್ತೇವೆ, ಕಾಂಡದಿಂದ ಹೊಸ ಬೇರು ಬರಲೆಂದು. ಲೆಟ್ಯೂಸನ್ನು ಹಾಗೆ ಹೂತರೆ ನಡುವಿನ ಸುಳಿಗೆ ಮಣ್ಣು ನುಗ್ಗಿ ಬುಡ ಕೊಳೆಯುತ್ತದೆ. ಉಂಡೆಯ ಮೇಲ್ಭಾಗ ಮಡಿಯ ಮಟ್ಟಕ್ಕೇ ಇರಲಿ, ಅದರ ಮೇಲೆ ಚಿಟಿಕೆ ಮಣ್ಣು ಮಾತ್ರ ಸರಿಸಿ. ಕೋಕೋಪಿಟ್ ಪೂರಾ ಬಯಲಿಗಿದ್ದರೆ ಬತ್ತಿಯಂತೆ ತೇವವನ್ನು ಮೇಲೆಳೆದು ಗಾಳಿಗೆ ಕೊಡುತ್ತದೆ. ಉಂಡೆಯ ಸುತ್ತ ಮಣ್ಣು ಬೆರಳಲ್ಲಿ ಅದುಮಿ, ಸಂದು ಉಳಿಯಬಾರದು. ಕತ್ತಲಾಗುವುದರೊಳಗೆ ಡ್ರಿಪ್ ಬಿಡಿ, ಮುಂದಿನ ಮೂರು ದಿನ ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಮೇಲಿನಿಂದಲೂ ನೀರು ಚಿಮುಕಿಸಿ. ನಾಲ್ಕನೇ ದಿನ ಬೆಳಗ್ಗೆ ಬಾಡಿಯೇ ಇರುವ ಸಸಿಗಳನ್ನು ಕಿತ್ತು, ಇದಕ್ಕೆಂದೇ ಉಳಿಸಿಕೊಂಡ ಟ್ರೇಯಿಂದ ತುಂಬಿಬಿಡಿ. ಒಂದು ವಾರದ ಮೇಲೆ ತುಂಬಿದ ಸಸಿ ಅಕ್ಕಪಕ್ಕದ ಗಿಡಗಳ ಕೊಯ್ಲಿನ ಹೊತ್ತಿಗೆ ಸಿದ್ಧವಾಗಿರುವುದಿಲ್ಲ.